ಟೋಟಲ್ ಲಾಸ್ ಆಗಿದ್ದ ನಮ್ಮ ಭಾವನ ಕಾರಿಗೆ ಮತ್ತೆ ಇನ್ಶೂರೆನ್ಸ್ ಸಿಕ್ಕಿದ್ದು ಹೀಗೆ

ನಮಸ್ಕಾರ ಎಲ್ಲರಿಗೂ. ಈ ಬಿಳಿ ಕಾರು ನಮ್ಮ ಭಾವನದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆಯೆಲ್ಲ ನೀರು ನುಗ್ಗಿತ್ತಲ್ಲ, ಆಗ ಇದು ಬೇಸ್‌ಮೆಂಟ್‌ನಲ್ಲಿ ಡ್ಯಾಶ್‌ಬೋರ್ಡ್‌ವರೆಗೂ ಮುಳುಗಿತ್ತು. ಇನ್ಶೂರೆನ್ಸ್‌ನವರು ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸುವುದು ದಂಡ ಅಂತ ಬರೆದರು. ಈಗ ಗಾಡಿ ಚೆನ್ನಾಗಿ ಓಡುತ್ತಿದೆ, ಇನ್ಶೂರೆನ್ಸೂ ಇದೆ.

ಟೋಟಲ್ ಲಾಸ್ ಹೇಗೆ ಆಗುತ್ತದೆ ಅಂತ ಮೊದಲು ಹೇಳುತ್ತೇನೆ. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತದೆ, ಅಂದರೆ ಗಾಡಿಯ ಈಗಿನ ಬೆಲೆ ಇಷ್ಟು ಅಂತ ಪಾಲಿಸಿಯಲ್ಲಿ ಬರೆದದ್ದು. ರಿಪೇರಿ ಖರ್ಚು ಅದರ 75 ಪರ್ಸೆಂಟ್ ದಾಟಿದರೆ ಟೋಟಲ್ ಲಾಸ್. ಹೊಸದರಲ್ಲಿ 8 ಲಕ್ಷದ ಕಾರು ಅಂದುಕೊಳ್ಳಿ. ನಾಲ್ಕನೇ ವರ್ಷದಲ್ಲಿ ಗಾಡಿ ಹಳೆಯದಾಯಿತು ಅಂತ 40 ಪರ್ಸೆಂಟ್ ಕಳೆದು ಐಡಿವಿ 4.8 ಲಕ್ಷ. ರಿಪೇರಿ ಎಸ್ಟಿಮೇಟ್ 3.6 ಲಕ್ಷ ದಾಟಿತೋ, ಮುಗಿಯಿತು. ವೈರಿಂಗ್, ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಏರ್‌ಬ್ಯಾಗ್, ಸೀಟು ಎಲ್ಲ ಹೊಸದು ಅಂತ ಬರೆದರೆ ದಾಟದೇ ಇರುತ್ತಾ? ಗಾಡಿ ಹಳೆಯದಾದಷ್ಟೂ ಈ ಗೆರೆ ಕೆಳಗೆ ಬರುತ್ತದೆ. ಅದಕ್ಕೇ ರಿಪೇರಿ ಆಗುವ ಗಾಡಿಗಳೂ ಎಷ್ಟೋ ಸಲ ಗುಜರಿ ಸೇರುತ್ತವೆ. ನನಗೆ ಅದು ನಿಜಕ್ಕೂ ಬೇಜಾರಿನ ವಿಷಯ.

ಭಾವ ಸಾಲ್ವೇಜ್ ಬೆಲೆ, ಅಂದರೆ ಹಾಳಾದ ಗಾಡಿಗೆ ಸಿಗುವ ಬೆಲೆ ಕಳೆದು ಉಳಿದ ದುಡ್ಡು ತಗೊಂಡು, ಗಾಡಿಯನ್ನು ತಾವೇ ಇಟ್ಟುಕೊಂಡರು. ಅಲ್ಲಿಗೆ ಹಳೆ ಪಾಲಿಸಿ ಮುಗಿಯಿತು, ಕ್ಲೇಮ್ ಮಾಡದೇ ಇದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಸೊನ್ನೆಗೆ ಬಂತು. ಇಲ್ಲಿ ಒಂದು ಮುಖ್ಯ ವಿಷಯ. ರಿಪೇರಿಗೆ ದುಡ್ಡು ಹಾಕುವ ಮುಂಚೆ ಆರ್‌ಸಿ ಚಾಲ್ತಿಯಲ್ಲಿ ಇರುತ್ತದಾ ಅಂತ ಕೇಳಿಕೊಳ್ಳಿ. ಟೋಟಲ್ ಲಾಸ್ ಸೆಟ್ಲ್‌ಮೆಂಟ್‌ನಲ್ಲಿ ಆರ್‌ಸಿ ರದ್ದು ಮಾಡಿಸಿ ಅಂತ ಕೇಳುವುದೂ ಉಂಟು. ರದ್ದಾದ ಮೇಲೆ ಗಾಡಿ ಎಷ್ಟೇ ಚೆನ್ನಾಗಿ ರೆಡಿಯಾದರೂ ರಸ್ತೆಗೆ ಇಳಿಸುವ ಹಾಗಿಲ್ಲ.

ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ಥರ್ಡ್ ಪಾರ್ಟಿ ಪಾಲಿಸಿಗೆ ನಮಗೆ ಜಾಸ್ತಿ ಕಷ್ಟ ಆಗಲಿಲ್ಲ. 2022ರ ಜೂನ್‌ನಿಂದ ಬಂದ ದರದ ಪ್ರಕಾರ 1000ದಿಂದ 1500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಇದಿಲ್ಲದೆ ರಸ್ತೆಗಿಳಿದರೆ ಮೊದಲ ಸಲವೇ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಕಷ್ಟ ಇದ್ದದ್ದು ಓನ್ ಡ್ಯಾಮೇಜ್‌ಗೆ, ಅಂದರೆ ನಮ್ಮ ಗಾಡಿಗೇ ಆಗುವ ನಷ್ಟದ ಪಾಲಿಸಿಗೆ. ಹಳೆ ಕ್ಲೇಮ್ ವಿಷಯ ಹೇಳಿದ ತಕ್ಷಣ ಒಬ್ಬೊಬ್ಬರೇ ಹಿಂದೆ ಸರಿದರು. ಒಬ್ಬ ಏಜೆಂಟ್ ಅಂತೂ, 'ಕ್ಲೇಮ್ ಆಗಿಲ್ಲ ಅಂತ ಟಿಕ್ ಹಾಕಿ ಸಾರ್, ಯಾರು ನೋಡ್ತಾರೆ' ಅಂದರು. ದಯವಿಟ್ಟು ಈ ಮಾತು ಕೇಳಬೇಡಿ. ಪಾಲಿಸಿ ನಿಂತಿರುವುದೇ ನೀವು ಕೊಟ್ಟ ಮಾಹಿತಿಯ ಮೇಲೆ. ಮುಚ್ಚಿಟ್ಟದ್ದು ಗೊತ್ತಾದರೆ ನಾಳೆ ಆಕ್ಸಿಡೆಂಟ್ ಆದಾಗ ಕ್ಲೇಮ್ ತಿರಸ್ಕರಿಸುತ್ತಾರೆ. ಪ್ರೀಮಿಯಂ ಕಟ್ಟಿಯೂ ಬರಿಗೈ. ನಮ್ಮ ಅಕ್ಕ ಖಡಾಖಂಡಿತವಾಗಿ ಹೇಳಿದಳು, 'ಇದ್ದದ್ದು ಇದ್ದ ಹಾಗೆ ಬರೆದುಕೊಡೋಣ ಕಣೋ, ಕೊಡೋರು ಕೊಡಲಿ.'

ಆಮೇಲೆ ಈ ಫೈಲ್ ರೆಡಿ ಮಾಡಿದೆವು. ಹತ್ತಿರದಿಂದ ತೋರಿಸುತ್ತೇನೆ. ಟೋಟಲ್ ಲಾಸ್ ಸೆಟ್ಲ್‌ಮೆಂಟ್ ಪತ್ರ. ಪ್ರತಿಯೊಂದು ಪಾರ್ಟಿನ ಜಿಎಸ್‌ಟಿ ಬಿಲ್. ಸೀಟು ಬಿಚ್ಚಿದಾಗ, ಹೊಸ ವೈರಿಂಗ್ ಎಳೆದಾಗ, ಎಲ್ಲ ಮುಗಿದಾಗ ತೆಗೆದ ಫೋಟೋಗಳು. ಏರ್‌ಬ್ಯಾಗ್, ಎಬಿಎಸ್ ಬ್ರೇಕ್‌ನಲ್ಲಿ ಯಾವ ಎರರ್ ಕೋಡೂ ಇಲ್ಲ ಅಂತ ತೋರಿಸುವ ಸ್ಕ್ಯಾನರ್ ರಿಪೋರ್ಟ್. ಗ್ಯಾರೇಜಿನ ಹುಡುಗರು ಕೆಲಸ ನಡೆಯುವಾಗಲೇ ಇದನ್ನೆಲ್ಲ ಎತ್ತಿಟ್ಟಿದ್ದರು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಗಾಡಿ ಜೋಡಿಸಿಬಿಟ್ಟ ಮೇಲೆ ಒಳಗೆ ಏನು ಬದಲಾಗಿದೆ ಅಂತ ಯಾರಿಗೆ ಕಾಣುತ್ತದೆ ಹೇಳಿ?

ಆನ್‌ಲೈನ್ ಬಿಟ್ಟು ಒಂದು ಕಂಪನಿಯ ಬ್ರಾಂಚಿಗೆ ಫೈಲ್ ಹಿಡಿದುಕೊಂಡು ಹೋದೆವು. ಮ್ಯಾನೇಜರ್ ಮೇಡಂ ಕೂತು ಪೂರ್ತಿ ಓದಿದರು. ಇನ್‌ಸ್ಪೆಕ್ಷನ್‌ಗೆ ಜನ ಕಳಿಸಿದರು. ಬಂದವರು ಚಾಸಿ ನಂಬರ್, ಎಂಜಿನ್ ನಂಬರ್ ಫೋಟೋ ತೆಗೆದುಕೊಂಡರು. ಕಾರ್ಪೆಟ್ ಎತ್ತಿ ನೋಡಿದರು. ಸೀಟಿನ ರೈಲಿಗೆ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟರು. ಸೀಟ್‌ಬೆಲ್ಟನ್ನು ಕೊನೆವರೆಗೂ ಎಳೆದರು. ನೀರು ನಿಂತ ಗಾಡಿಯಲ್ಲಿ ಕೆಸರಿನ ಗುರುತು ಅಲ್ಲಿ ಉಳಿದಿರುತ್ತದಂತೆ. ಹೀಗೆ ನೋಡುವವರು ಸಿಕ್ಕಿದರೆ ನಮಗೂ ಧೈರ್ಯ, ಅಲ್ವಾ?

ಕೊನೆಗೆ ಓನ್ ಡ್ಯಾಮೇಜ್ ಪಾಲಿಸಿ ಕೊಟ್ಟರು. ಐಡಿವಿ ಸ್ವಲ್ಪ ಕಡಿಮೆ. ಪಾರ್ಟ್ ಹಳೆಯದು ಅಂತ ಕ್ಲೇಮಿನಲ್ಲಿ ದುಡ್ಡು ಕಡಿಯದ ಝೀರೋ ಡೆಪ್ ಮತ್ತು ಎಂಜಿನ್ ನಷ್ಟಕ್ಕೆ ಇರುವ ಎಂಜಿನ್ ಪ್ರೊಟೆಕ್ಟ್ ಕೊಡಲಿಲ್ಲ. ಅಂದರೆ ಎಂಜಿನ್‌ಗೆ ಮತ್ತೆ ನೀರು ಹೋದರೆ ಖರ್ಚು ನಮ್ಮದೇ. ಭಾವ ಒಪ್ಪಿಕೊಂಡರು. ನನಗೂ ಇದು ನ್ಯಾಯವಾದ ವ್ಯವಹಾರ ಅನ್ನಿಸಿತು.

ಇಂಥ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಒಂದು ಮಾತು. ಟೋಟಲ್ ಲಾಸ್ ಗಾಡಿಯ ಆರ್‌ಸಿ, ಚಾಸಿ ನಂಬರನ್ನು ಕದ್ದ ಕಾರಿಗೆ ಹಾಕಿ ಮಾರುವ ದಂಧೆ ನಮ್ಮ ದೇಶದಲ್ಲಿ ಇದೆ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಬಾನೆಟ್ ತೆಗೆಸಿ. ಚಾಸಿ ನಂಬರ್ ಕೊರೆದಿರುವ ಜಾಗದಲ್ಲಿ ವೆಲ್ಡಿಂಗ್, ಉಜ್ಜಿದ ಗುರುತು, ಹೊಸ ಪೇಂಟ್ ಇದೆಯಾ ನೋಡಿ. ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ರಿಪೇರಿ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಎಷ್ಟು ಕಡಿಮೆಗೆ ಕೊಟ್ಟರೂ ಆ ಗಾಡಿ ಬೇಡ.