ಎಕ್ಸ್-ರೇ ಇಲ್ಲದೆ ಎದೆಬಡಿತದ ರಿಪೇರಿ

[ದೃಶ್ಯ: ಮಂಡ್ಯ ಪಕ್ಕದ ಆಲೆಮನೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು.]

ನಮಸ್ಕಾರ. ಈಗ ಇಲ್ಲಿ ಕಬ್ಬು ಅರೆಯೋದು ಮೋಟಾರು. ಮೊದಲೆಲ್ಲ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಸುತ್ತಿದ್ದೇ ಸುತ್ತು. ಆ ಎತ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಮ್ಮ ಅತ್ತೆ ಹುಲ್ಲಿನ ಹೊರೆ ಕಟ್ಟಲು ಬಗ್ಗಿದರೆ ಸಾಕು, ಎದೆ ಡವಡವ ಅಂತ ಓಡುತ್ತಿತ್ತು. ಮೇಲಿನ ಸೆರಗೂ ಅದುರುತ್ತಿತ್ತು. ಆಸ್ಪತ್ರೆ ತಲುಪೋ ಹೊತ್ತಿಗೆ ಸ್ವಿಚ್ ಆರಿಸಿದ ಹಾಗೆ ನಿಂತಿರುತ್ತಿತ್ತು. ಇಸಿಜಿ ನಾರ್ಮಲ್. 'ಗ್ಯಾಸ್ ಇರಬೇಕು, ಗಾಬರಿ ಜಾಸ್ತಿ' ಅಂತ ಹೇಳಿ ಕಳಿಸುತ್ತಿದ್ದರು. ಹೀಗೇ ಐದು ವರ್ಷ. ಈಗ ನೆನೆದರೂ ಸಂಕಟ ಆಗುತ್ತದೆ. ಕೊನೆಗೊಂದು ದಿನ ಓಡುತ್ತಿರುವಾಗಲೇ ಇಸಿಜಿ ಸಿಕ್ಕಿತು. ನಿಮಿಷಕ್ಕೆ 180 ಬಡಿತ.

[ದೃಶ್ಯ: ಹೃದಯದ ಚಿತ್ರ]

ಹೃದಯ ಬಡಿಯೋದು ಕರೆಂಟಿನಿಂದ. ಮೇಲಿನ ಕೋಣೆಯಲ್ಲಿ ಹುಟ್ಟಿ, ಮೇಲಿನ-ಕೆಳಗಿನ ಕೋಣೆಗಳ ನಡುವಿನ ಜಂಕ್ಷನ್, ಅಂದರೆ ಎವಿ ನೋಡ್, ದಾಟಿ ಕೆಳಗಿಳಿಯುತ್ತದೆ. ಕೆಲವರಿಗೆ ಅಲ್ಲಿ ಎರಡು ದಾರಿ ಇರುತ್ತವೆ. ಕರೆಂಟು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ, ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತಲು ಶುರು ಮಾಡುತ್ತದೆ. ಅಬ್ಲೇಶನ್ ಅಂದರೆ ಆ ಹೆಚ್ಚುವರಿ ದಾರಿಯನ್ನು ಬಿಸಿ ಮಾಡಿ ಮುಚ್ಚೋದು. ತೊಡೆಸಂದಿಯ ರಕ್ತನಾಳದಿಂದ ತೆಳ್ಳಗಿನ ವೈರು, ಅಂದರೆ ಕ್ಯಾಥೆಟರ್, ಹೃದಯಕ್ಕೆ ಹೋಗುತ್ತದೆ. ಎದೆ ಕೊಯ್ಯೋದಿಲ್ಲ. ಈ ವೈರನ್ನು ಎಕ್ಸ್-ರೇ ನೋಡುತ್ತಾ ನಡೆಸೋದು ರೂಢಿ; ಈಗ ಎಕ್ಸ್-ರೇ ಇಲ್ಲದೆಯೂ ಮಾಡುತ್ತಾರೆ.

'ಎಕ್ಸ್-ರೇ ಇಲ್ಲದೆ ಒಳಗೆ ಹೇಗೆ ಕಾಣುತ್ತಪ್ಪ?' ಅಂತ ಅತ್ತೆ ಕೇಳಿದರು. ಸರಿಯಾದ ಪ್ರಶ್ನೆ ಅಲ್ವಾ? ನಿಜ ಹೇಳಬೇಕೆಂದರೆ, ಎಕ್ಸ್-ರೇಯಲ್ಲಿ ಕ್ಯಾಥೆಟರ್ ಚೆನ್ನಾಗಿ ಕಾಣುತ್ತದೆ, ಹೃದಯದ ಗೋಡೆ ಬರೀ ನೆರಳು. ತ್ರೀಡಿ ಮ್ಯಾಪಿಂಗ್ ಬೇರೆ ರೀತಿ. ಮೈಗೆ ಪ್ಯಾಚ್ ಅಂಟಿಸಿರುತ್ತಾರೆ. ಕ್ಯಾಥೆಟರಿನ ತುದಿ ಎಲ್ಲಿದೆ ಅಂತ ಕಾಂತಕ್ಷೇತ್ರದಿಂದಲೋ, ಮೈಯಲ್ಲಿ ಹರಿಸುವ ಸಣ್ಣ ಕರೆಂಟಿನಿಂದಲೋ ಕಂಪ್ಯೂಟರಿಗೆ ಗೊತ್ತಾಗುತ್ತದೆ. ತುದಿ ಗೋಡೆ ಸವರಿದಂತೆಲ್ಲ ಪರದೆ ಮೇಲೆ ಆ ಕೋಣೆಯ ಆಕಾರ ಮೂಡುತ್ತಾ ಹೋಗುತ್ತದೆ. ಕತ್ತಲಲ್ಲಿ ಗೋಡೆ ತಡವಿ ಮನೆ ಗುರುತಿಸಿದ ಹಾಗೆ.

[ದೃಶ್ಯ: ಪರದೆ ಮೇಲೆ ಹಳದಿ ಚುಕ್ಕೆಗಳು]

ಈ ಚುಕ್ಕೆಗಳು ಹಿಸ್ ಬಂಡಲ್, ಕರೆಂಟಿನ ಮುಖ್ಯ ದಾರಿ. ಮುಚ್ಚಬೇಕಾದ ದಾರಿ ಕೆಲವೇ ಮಿಲಿಮೀಟರ್ ಕೆಳಗಿದೆ. ತಪ್ಪಿ ಹಿಸ್ ಸುಟ್ಟರೆ ಪೇಸ್‌ಮೇಕರ್ ಬೇಕಾಗುತ್ತದೆ. ಅದಕ್ಕೇ ಮೊದಲು ಗುರುತು, ಆಮೇಲೆ ಶಾಖ. ಸುಮಾರು 50 ಡಿಗ್ರಿ ದಾಟಿದರೆ ಆ ಜಾಗದ ಜೀವಕೋಶಗಳು ಶಾಶ್ವತವಾಗಿ ನಿಲ್ಲುತ್ತವೆ.

ಎಕ್ಸ್-ರೇ ಇಲ್ಲದ್ದರಿಂದ ಗರ್ಭಿಣಿಯರಿಗೆ, ಮಕ್ಕಳಿಗೆ ವಿಕಿರಣ ತಪ್ಪುತ್ತದೆ. ದಿನವಿಡೀ ಸೀಸದ ಭಾರದ ಏಪ್ರನ್ ಹೊತ್ತು ನಿಲ್ಲುವ ಡಾಕ್ಟರು, ನರ್ಸುಗಳ ಬೆನ್ನಿಗೂ ಬಿಡುವು. ಆದರೆ ಎಲ್ಲ ಕೇಸಿಗೂ ಇದು ಹೊಂದೋದಿಲ್ಲ. ಹೃದಯದ ಎಡಭಾಗಕ್ಕೆ ನಡುವಿನ ತೆಳು ಗೋಡೆ ಚುಚ್ಚಿ ದಾಟಬೇಕಾದಾಗ, ಒಳಗಿಂದಲೇ ನೋಡುವ ಅಲ್ಟ್ರಾಸೌಂಡ್ ಕ್ಯಾಥೆಟರ್ ಕೂಡ ಬೇಕು.

ಎದೆ ಹೀಗೆ ಓಡಿದರೆ, ನಿಲ್ಲುವವರೆಗೆ ಕಾಯಬೇಡಿ. ಹತ್ತಿರ ಎಲ್ಲಿ ಇಸಿಜಿ ಇದೆಯೋ ಅಲ್ಲಿ ಆಗಲೇ ತೆಗೆಸಿ, ಆ ಕಾಗದ ಜೋಪಾನವಾಗಿಡಿ. ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ ಸೀದಾ ಎಮರ್ಜೆನ್ಸಿಗೆ ಹೋಗಿ.