ಕೂಗಿಗೆ ಓಗೊಡುವವರು

ಕೇಳುಗರಿಗೆ ನಮಸ್ಕಾರ.

ಕಡುಬಡತನ, ಯುದ್ಧ, ಮನೆಯೊಳಗಿನ ಹಿಂಸೆ, ತಂದೆತಾಯಿಯರ ಅಗಲಿಕೆ ಇವುಗಳ ನಡುವೆ ಬೆಳೆಯುತ್ತಿರುವ ಮಕ್ಕಳ ವಿಚಾರ ಬಂದಾಗ, ಅವರಿಗೆ ಹೊಟ್ಟೆಗಿದೆಯೇ, ಬಟ್ಟೆಯಿದೆಯೇ, ತಲೆಯ ಮೇಲೆ ಸೂರಿದೆಯೇ ಎಂದು ನಾವು ಮೊದಲು ವಿಚಾರಿಸುತ್ತೇವೆ. ವಿಚಾರಿಸಲೇಬೇಕು. ಆದರೆ ಅದರ ಜೊತೆಯಲ್ಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಬಹಳ ಸಲ ಹಿಂದುಳಿಯುತ್ತದೆ: ಈ ಮಗು ಅತ್ತರೆ ಬರುವವರು ಯಾರು, ನಿನ್ನೆ ಬಂದವರೇ ಇಂದೂ ಬರುತ್ತಾರೆಯೇ? ಕಷ್ಟವೂ ಒಂಟಿತನವೂ ಒಟ್ಟಿಗೆ ಬಂದಾಗ ಮಗುವನ್ನು ಒಳಗಿನಿಂದ ಮುರಿಯುವುದು ಹೆಚ್ಚಾಗಿ ಒಂಟಿತನವೇ ಎಂಬುದು, ಈ ವಿಷಯದ ಅಧ್ಯಯನಗಳನ್ನು ಓದುತ್ತಾ ಬಂದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ.

1940ರ ದಶಕದಲ್ಲಿ ರೆನೆ ಸ್ಪಿಟ್ಜ್ ಎಂಬ ಮನೋವೈದ್ಯರು ಎರಡು ಶಿಶುಗೃಹಗಳನ್ನು ಹೋಲಿಸಿ ನೋಡಿದರು. ಒಂದು ಮಹಿಳಾ ಸೆರೆಮನೆಗೆ ಸೇರಿದ್ದು. ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು, ಸಾಕಲಾಗದ ತಾಯಂದಿರು ಬಿಟ್ಟುಹೋದ ಶಿಶುಗಳ ಆಶ್ರಯಧಾಮ. ಅಲ್ಲಿ ಶುಚಿತ್ವಕ್ಕೆ, ಆಹಾರಕ್ಕೆ, ವೈದ್ಯರ ತಪಾಸಣೆಗೆ ಕೊರತೆಯಿರಲಿಲ್ಲ. ಆದರೆ ಒಬ್ಬೊಬ್ಬ ದಾದಿಯ ಪಾಲಿಗೆ ಸುಮಾರು ಎಂಟು ಶಿಶುಗಳಿದ್ದವು, ಮಂಚದ ಕಟಕಟೆಗಳಿಗೆ ಬಟ್ಟೆ ಇಳಿಬಿಟ್ಟಿದ್ದರಿಂದ ಮಲಗಿದ ಕೂಸಿಗೆ ಚಾವಣಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಸೆರೆಮನೆಯ ಮಕ್ಕಳು ಆರೋಗ್ಯವಾಗಿ ಬೆಳೆದವು. ಆಶ್ರಯಧಾಮದ ಶಿಶುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎರಡು ವರ್ಷಗಳೊಳಗೆ ತೀರಿಹೋದವು. ಆ ಕಾಲದ ಅಧ್ಯಯನದ ಕ್ರಮದಲ್ಲಿ ದೋಷಗಳಿದ್ದವೆಂದು ಮುಂದಿನವರು ಟೀಕಿಸಿದ್ದಾರೆ. ಆದರೂ ಅದು ಎತ್ತಿದ ಪ್ರಶ್ನೆಯನ್ನು ಯಾರಿಂದಲೂ ತಳ್ಳಿಹಾಕಲಾಗಲಿಲ್ಲ.

ಅದೇ ಪ್ರಶ್ನೆ ಅರ್ಧ ಶತಮಾನದ ಬಳಿಕ ರೊಮೇನಿಯಾದಲ್ಲಿ ಇನ್ನೂ ಘೋರವಾಗಿ ಎದುರಾಯಿತು. ಜನಸಂಖ್ಯೆಯನ್ನು ಹೆಚ್ಚಿಸಬೇಕೆಂದು ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕುವಿನ ಸರ್ಕಾರ 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಸಾಕಲು ಶಕ್ತಿಯಿಲ್ಲದ ಕುಟುಂಬಗಳು ಮಕ್ಕಳನ್ನು ಸರ್ಕಾರಿ ಸಂಸ್ಥೆಗಳಿಗೆ ಒಪ್ಪಿಸಿದವು. 1989ರ ಡಿಸೆಂಬರಿನಲ್ಲಿ ಆ ಆಡಳಿತ ಕುಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಅಂಥ ಸಂಸ್ಥೆಗಳಲ್ಲಿದ್ದರು. ಅವರಲ್ಲಿ ಹೆಚ್ಚಿನವರು ಅನಾಥರಲ್ಲ, ತಂದೆತಾಯಿ ಇದ್ದವರೇ. ಮುಂದೆ ಆ ಸಂಸ್ಥೆಗಳಿಗೆ ಹೋದ ಸಂಶೋಧಕರ ಮನಸ್ಸಿಗೆ ತಟ್ಟಿದ ಒಂದು ಸಂಗತಿ, ಶಿಶುಗಳ ಕೋಣೆಯಲ್ಲಿ ಅಳುವೇ ಇರಲಿಲ್ಲ ಎಂಬುದು. ಸಾಲಾಗಿ ತೊಟ್ಟಿಲುಗಳು, ಪ್ರತಿಯೊಂದರಲ್ಲೂ ಎಚ್ಚರವಾಗಿರುವ ಮಗು, ಆದರೆ ದನಿಯಿಲ್ಲ. ಅತ್ತರೂ ಯಾರೂ ಬರುವುದಿಲ್ಲವೆಂದು ಕಲಿತ ಮಕ್ಕಳು ಅಳುವುದನ್ನೇ ಬಿಟ್ಟಿದ್ದವು. ಸ್ವಲ್ಪ ದೊಡ್ಡವರಾದವರಲ್ಲಿ ಇದೇ ಕೊರತೆ ತದ್ವಿರುದ್ಧ ರೂಪದಲ್ಲಿ ಕಾಣುತ್ತಿತ್ತು: ಗುರುತು ಪರಿಚಯವಿಲ್ಲದವರ ತೊಡೆಯೇರುವುದು, ಅವರ ಕೈ ಹಿಡಿದು ಹೊರಟುಬಿಡುವುದು. ಹೊರಗಿನವರು ಅದನ್ನು ಸಲುಗೆಯೆಂದು ಭಾವಿಸಬಹುದು. ತನ್ನವರು ಯಾರು, ಪರರು ಯಾರು ಎಂಬ ಗೆರೆ ಆ ಮನಸ್ಸಿನಲ್ಲಿ ಮೂಡಿಯೇ ಇರಲಿಲ್ಲ ಎಂಬುದು ಅದರ ಹಿಂದಿನ ನಿಜ.

ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಸಂಶೋಧಕರ ನೇತೃತ್ವದ ತಂಡ 2000ದ ಹೊತ್ತಿಗೆ ಅಲ್ಲಿನ ರಾಜಧಾನಿ ಬುಖಾರೆಸ್ಟ್ ನಗರದ ಸಂಸ್ಥೆಗಳಿಂದ 136 ಪುಟ್ಟ ಮಕ್ಕಳನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಮಂದಿಯನ್ನು, ಯಾರೆಂದು ತಾನು ನಿರ್ಧರಿಸದೆ ಅದೃಷ್ಟಕ್ಕೆ ಬಿಟ್ಟು, ಸಾಕು ಕುಟುಂಬಗಳಿಗೆ ಕಳುಹಿಸಿತು; ಉಳಿದವರ ಪಾಲನೆ ಮೊದಲಿನಂತೆಯೇ ಮುಂದುವರಿಯಿತು. ಚೀಟಿ ಎತ್ತಿದಂತೆ ಮಕ್ಕಳನ್ನು ಹಂಚುವ ಮಾತು ಕೇಳಿದರೆ ಮನಸ್ಸು ನೋಯುತ್ತದೆ, ನನಗೂ ನೋವಾಯಿತು. ಆದರೆ ಆ ನಗರದಲ್ಲಿ ಅಲ್ಲಿಯವರೆಗೆ ಸಾಕು ಕುಟುಂಬದ ವ್ಯವಸ್ಥೆಯೇ ಇಲ್ಲವೆನ್ನುವಷ್ಟು ಕಡಿಮೆಯಿತ್ತು, ಆ ಕುಟುಂಬಗಳನ್ನು ಹುಡುಕಿ, ತರಬೇತಿ ಕೊಟ್ಟು, ಸಂಬಳ ಕೊಟ್ಟು ನಿಲ್ಲಿಸಿದ್ದು ಇದೇ ತಂಡ. ಫಲ ಕಣ್ಣಿಗೆ ಕಾಣುವಂತಿತ್ತು. ಮನೆ ಸೇರಿದ ಮಕ್ಕಳ ಮಾತು, ಬುದ್ಧಿಶಕ್ತಿ, ಇನ್ನೊಬ್ಬರನ್ನು ನಂಬಿ ಹಚ್ಚಿಕೊಳ್ಳುವ ಗುಣ ಚೇತರಿಸಿಕೊಂಡವು. ಎರಡು ವರ್ಷ ತುಂಬುವ ಮೊದಲೇ ಸೇರಿದವರಲ್ಲಿ ಈ ಚೇತರಿಕೆ ಹಲವು ವಿಷಯಗಳಲ್ಲಿ ಹೆಚ್ಚಾಗಿತ್ತು. ಮುಂದೆ ರೊಮೇನಿಯಾ, ತೀವ್ರ ಅಂಗವೈಕಲ್ಯದ ಸಂದರ್ಭವೊಂದನ್ನು ಬಿಟ್ಟು, ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗಳಲ್ಲಿ ಇರಿಸಬಾರದೆಂದು ಕಾನೂನು ಮಾಡಿತು. ಆ ವಿನಾಯಿತಿ ನನ್ನನ್ನು ಕಾಡುತ್ತದೆ: ಹೆಚ್ಚು ಆಸರೆ ಬೇಕಾದ ಮಗುವನ್ನೇ ಹೊರಗಿಟ್ಟಂತಾಗಲಿಲ್ಲವೇ?

ಹಿರಿಯರು ಯಾರೂ ಉಳಿಯದ ಕಡೆ ಮಕ್ಕಳು ಏನು ಮಾಡುತ್ತಾರೆ? 1945ರಲ್ಲಿ ಜೆಕ್ ನಾಡಿನ ತೆರೆಝೀನ್ ಬಂದಿಶಿಬಿರದಿಂದ ಬಿಡುಗಡೆಯಾಗಿ ಇಂಗ್ಲೆಂಡಿಗೆ ಬಂದ, ಮೂರು ವರ್ಷ ದಾಟಿದ ಆರು ಮಕ್ಕಳ ವೃತ್ತಾಂತವನ್ನು ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಮತ್ತು ಆ ಮಕ್ಕಳನ್ನು ನೋಡಿಕೊಂಡ ಸೋಫಿ ಡಾನ್ 1951ರಲ್ಲಿ ಪ್ರಕಟಿಸಿದರು. ನಾಜಿಗಳು ಅವರ ತಂದೆತಾಯಿಯರನ್ನು ಕೊಂದಿದ್ದರು. ನೋಡಿಕೊಳ್ಳುವ ಕೈಗಳು ಅಷ್ಟರಲ್ಲಿ ಹಲವು ಸಲ ಬದಲಾಗಿದ್ದವು. ಇಂಗ್ಲೆಂಡಿನಲ್ಲಿ ಅವರನ್ನು ಇರಿಸಿದ ಹಳ್ಳಿಯ ಮನೆಗೆ ಬಂದ ಹೊಸದರಲ್ಲಿ ಅವರು ಆಟಿಕೆಗಳನ್ನು ಒಡೆದರು, ದೊಡ್ಡವರಿಗೆ ಹೊಡೆದರು, ಕಚ್ಚಿದರು, ಉಗುಳಿದರು. ಆದರೆ ತಮ್ಮತಮ್ಮೊಳಗೆ ಅವರಿದ್ದ ರೀತಿಯೇ ಬೇರೆ. ಊಟಕ್ಕೆ ಕುಳಿತರೆ ತಾನು ತಿನ್ನುವುದಕ್ಕಿಂತ ಪಕ್ಕದವರಿಗೆ ದಾಟಿಸುವುದೇ ಅವರಿಗೆ ಮುಖ್ಯವಾಗಿತ್ತು. ಒಬ್ಬರನ್ನು ಕ್ಷಣಕಾಲ ಬೇರೆ ಕೋಣೆಗೆ ಕರೆದೊಯ್ದರೂ ಉಳಿದವರು ಚಡಪಡಿಸಿ, ಎಲ್ಲಿ ಎಂದು ಕೇಳುತ್ತಿದ್ದರು. ಕ್ರಮೇಣ ಅವರು ಆರೈಕೆ ಮಾಡುವವರನ್ನೂ ಹಚ್ಚಿಕೊಂಡರು, ಹೊಸ ಭಾಷೆ ಕಲಿತರು. ಆ ಘೋರ ವರ್ಷಗಳನ್ನು ಅವರು ಒಬ್ಬರಿಗೊಬ್ಬರು ಆಸರೆಯಾಗಿ ದಾಟಿದ್ದರು. ಹೀಗಿರುವಾಗ ಸಂಕಟದಲ್ಲಿ ಸಿಕ್ಕಿದ ಅಣ್ಣತಂಗಿಯರನ್ನು ಸ್ಥಳಾವಕಾಶವಿಲ್ಲವೆಂಬ ಕಾರಣಕ್ಕೆ ಬೇರೆಬೇರೆ ಕಡೆ ಹಂಚಿಬಿಡುವುದು ಆಡಳಿತಕ್ಕೆ ಅನುಕೂಲವಾಗಬಹುದು, ಮಕ್ಕಳ ಪಾಲಿಗೆ ಅದು ಉಳಿದದ್ದನ್ನೂ ಕಿತ್ತುಕೊಂಡಂತೆ.

ಎಳೆವಯಸ್ಸು ಕಳೆದ ಮೇಲೆ ಎಲ್ಲವೂ ಮುಗಿಯಿತೆಂದು ಯಾರೂ ತಿಳಿಯಬಾರದು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬೆಳವಣಿಗೆಯನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದರು. ಬಡತನ, ಒಡೆದ ಸಂಸಾರ, ತಂದೆ ಅಥವಾ ತಾಯಿಯ ಮದ್ಯವ್ಯಸನ ಅಥವಾ ಮನೋರೋಗ, ಇಂಥ ನಾಲ್ಕು ಅಥವಾ ಹೆಚ್ಚು ಹೊರೆಗಳನ್ನು ಹೊತ್ತ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಸಮರ್ಥರಾಗಿ, ಪ್ರೀತಿಯುಳ್ಳವರಾಗಿ ಬೆಳೆದರು. ಅವರಿಗೆ ಅಜ್ಜಿಯೋ, ಅಕ್ಕನೋ, ಶಿಕ್ಷಕರೋ, ನೆರೆಯವರೋ ಯಾರಾದರೂ ಒಬ್ಬರು ಬೆನ್ನಿಗಿದ್ದರು. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಅನೇಕರು ಮೂವತ್ತರ ಹೊತ್ತಿಗೆ ನೆಲೆ ಕಂಡುಕೊಂಡದ್ದು ಈ ಅಧ್ಯಯನದಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟ ಭಾಗ; ಮತ್ತೆ ಓದಲು ಸಿಕ್ಕ ಅವಕಾಶ, ಸ್ಥಿರ ಮನಸ್ಸಿನ ಬಾಳಸಂಗಾತಿ, ತಮ್ಮವರೆಂದು ಒಪ್ಪಿಕೊಂಡ ಸಮುದಾಯ ಅವರನ್ನು ಎತ್ತಿದವು.

ಈ ತಿಳಿವಳಿಕೆ ನಿಯಮಗಳಲ್ಲಿ ಅಲ್ಲಲ್ಲಿ ಇಳಿದಿದೆ. ಬಂಧನದಲ್ಲಿರುವ ಎಳೆಯರನ್ನು ಶಿಕ್ಷೆಯಾಗಿ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ವಿಶ್ವಸಂಸ್ಥೆಯ ನಿಯಮಗಳು 1990ರಲ್ಲೇ ನಿಷೇಧಿಸಿದವು. ಆದರೆ ಸಂಸ್ಥೆಗಳ ಆಶ್ರಯದಲ್ಲಿ ಬೆಳೆದವರನ್ನು ಹದಿನೆಂಟು ತುಂಬಿದ ಕೂಡಲೇ ಹೊರಗೆ ಕಳುಹಿಸುವ ಪದ್ಧತಿ ಅನೇಕ ಕಡೆ ಹಾಗೆಯೇ ಉಳಿದಿದೆ. ಸ್ವಂತ ಮನೆಯಲ್ಲಿ ಬೆಳೆದವರು ಆ ವಯಸ್ಸಿನಲ್ಲಿ ಸೋತರೆ ಮನೆಗೆ ಮರಳುತ್ತಾರೆ. ಇವರಿಗೆ ಜ್ವರ ಬಂದರೆ, ಕೆಲಸ ಹೋದರೆ, ದೂರವಾಣಿ ಮಾಡಲು ಒಂದು ಸಂಖ್ಯೆಯೂ ಇರುವುದಿಲ್ಲ. ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯೊಂದು, ಸಾಕು ಕುಟುಂಬದಲ್ಲಿ ಬೆಳೆದವರು ತಮಗೂ ಸಾಕಿದವರಿಗೂ ಒಪ್ಪಿಗೆಯಿದ್ದರೆ ಇಪ್ಪತ್ತೊಂದರವರೆಗೆ ಅದೇ ಮನೆಯಲ್ಲಿ ಉಳಿಯಲು ಸ್ಥಳೀಯ ಆಡಳಿತ ನೆರವಾಗಬೇಕೆಂದು ಹೇಳಿತು. ವಸತಿಗೃಹಗಳಲ್ಲಿ ಬೆಳೆದವರಿಗೆ ಆ ಕಾಯ್ದೆ ಅದೇ ಅವಕಾಶವನ್ನು ಕೊಡಲಿಲ್ಲ. ಅವರಿಗೂ ಅದು ಸಿಗಬೇಕು. ಕನಿಷ್ಠ, ತಮ್ಮನ್ನು ಬೆಳೆಸಿದ ಒಬ್ಬ ಕಾರ್ಯಕರ್ತರೊಡನೆ ಸಂಪರ್ಕ ಉಳಿಸಿಕೊಳ್ಳುವ ಹಕ್ಕು, ಮತ್ತು ಆ ಕಾರ್ಯಕರ್ತರಿಗೆ ಅದಕ್ಕೆಂದೇ ಕೊಟ್ಟ ವೇಳೆ ಹಾಗೂ ವೇತನ.