ಮಂಡಕಳ್ಳಿ ರನ್‌ವೇಲಿ ಇಂಜಿನ್ ಎಷ್ಟು ತಳ್ಳತ್ತೆ, ಚಕ್ರ ಎಷ್ಟು ಹಿಡಿಯತ್ತೆ

ಕೇಳುಗರೆಲ್ರಿಗೂ ನಮಸ್ಕಾರ. ನಂಜನಗೂಡು ರೋಡಲ್ಲಿ, ಮೈಸೂರು ವಿಮಾನ ನಿಲ್ದಾಣ ಇರೋ ಮಂಡಕಳ್ಳಿ ಹತ್ರ ಬೈಕ್ ಸೈಡಿಗ್ ಹಾಕ್ಕೊಂಡು ವಿಮಾನ ಏರೋದು ನೋಡೋರು ಇದ್ದೇ ಇರ್ತಾರೆ, ಅಲ್ಲೇ ಒಬ್ಬ ಹುಡುಗ ಕೇಳ್ದ, ಸಾರ್, ಅಷ್ಟು ಭಾರ ಟೈರ್ ಮೇಲೆ ಕೂತಿರತ್ತಲ್ಲ, ಇಂಜಿನ್ ಶಕ್ತಿ ಮುಕ್ಕಾಲು ಪಾಲು ಘರ್ಷಣೆಗೇ ಹೋಗ್ಬಿಡಲ್ವಾ ಅಂತ. ಹೋಗಲ್ಲ. ಎಷ್ಟು ಹೋಗತ್ತೆ ಅನ್ನೋದನ್ನ ಇವತ್ತು ಲೆಕ್ಕ ಹಾಕೇ ನೋಡೋಣ, ಪೆನ್ನು ಪೇಪರ್ ಇದ್ರೆ ಹತ್ರ ಇಟ್ಕೊಳಿ, ಇಲ್ದಿದ್ರೂ ನಡಿಯತ್ತೆ.

ಮಂಡಕಳ್ಳಿಗೆ ಬರೋ ಎಟಿಆರ್ 72 ಅನ್ನೋ ಪ್ರೊಪೆಲ್ಲರ್ ವಿಮಾನ ತಗೊಳಿ. ಹೊಸ ಮಾದರಿಯದು ತುಂಬಾ ಲೋಡ್ ಆದ್ರೆ 23 ಟನ್, ಎರಡು ಇಂಜಿನ್, ಒಂದೊಂದಕ್ಕೂ ಆರಾರು ರೆಕ್ಕೆಯ ಪ್ರೊಪೆಲ್ಲರ್. ಕಾರಲ್ಲಿ ಇಂಜಿನ್ನು ಚಕ್ರ ತಿರುಗ್ಸತ್ತೆ, ಇಲ್ಲಿ ಹಂಗಲ್ಲ, ಪ್ರೊಪೆಲ್ಲರ್ ಗಾಳಿನ ಹಿಂದಕ್ಕೆ ದೂಡತ್ತೆ, ವಿಮಾನ ಮುಂದಕ್ಕೆ ಹೋಗತ್ತೆ, ಚಕ್ರ ಸುಮ್ನೆ ಉರುಳ್ಕೊಂಡು ಜೊತೇಲಿ ಬರತ್ತೆ ಅಷ್ಟೆ.

ಉರುಳೋವಾಗ ತಡೆ ಯಾಕೆ ಅಂದ್ರೆ, ಟೈರು ನೆಲಕ್ಕೆ ತಾಗೋ ಕಡೆ ಚಪ್ಪಟೆ ಆಗಿ ಮತ್ತೆ ದುಂಡಗಾಗತ್ತೆ, ಒತ್ತುವಾಗ ಕೊಟ್ಟ ಶಕ್ತಿ ಪೂರ್ತಿ ವಾಪಸ್ ಬರಲ್ಲ, ಸ್ವಲ್ಪ ಬಿಸಿಯಾಗಿ ಹೋಗತ್ತೆ. ಗಟ್ಟಿ ರನ್‌ವೇ ಮೇಲೆ ಈ ತಡೆ ಭಾರದ ನೂರಕ್ಕೆ ಎರಡು ಪಾಲು ಅಂತ ಹಿಡೀತಾರೆ. ಬಲನ ಅಳೆಯೋದು ನ್ಯೂಟನ್‌ಲಿ, ಸಾವಿರ ನ್ಯೂಟನ್ ಒಂದು ಕಿಲೋನ್ಯೂಟನ್. 23 ಟನ್ ಅಂದ್ರೆ 225 ಕಿಲೋನ್ಯೂಟನ್ ಭಾರ, ಅದ್ರಲ್ಲಿ ಶೇಕಡ 2 ಅಂದ್ರೆ ನಾಲ್ಕೂವರೆ ಕಿಲೋನ್ಯೂಟನ್. ಮುಗೀತು. ಆದ್ರೆ ನೆಲ ಮೆತ್ತಗಿದ್ರೆ ಕಥೆನೇ ಬೇರೆ, ಮಂಡ್ಯ ಕಡೆಯೋರಿಗೆ ಇದನ್ನ ಹೇಳ್ಕೊಡ್ಬೇಕಾಗಿಲ್ಲ, ಕಬ್ಬು ತುಂಬಿದ ಟ್ರಾಕ್ಟರ್ ಟಾರ್ ರೋಡಲ್ಲಿ ಸಲೀಸಾಗಿ ಹೋಗೋದು ನೀರು ಕಟ್ಟಿದ ಗದ್ದೆಲಿ ಹೆಂಗೆ ಉಸಿರು ಬಿಡತ್ತೆ ಅಂತ ಅವ್ರು ನೋಡಿರ್ತಾರೆ. ಮೆತ್ತನೆ ನೆಲದಲ್ಲಿ ಶೇಕಡ 10 ದಾಟಿದ್ರೂ ಆಶ್ಚರ್ಯ ಇಲ್ಲ, ಆಗ ನಮ್ಮ ನಾಲ್ಕೂವರೆ ಇಪ್ಪತ್ತೆರಡೂವರೆ ಆಗತ್ತೆ.

ಈಗ ಇಂಜಿನ್ ಕಡೆ ಬನ್ನಿ, ಇಲ್ಲಿ ಒಂದು ತಮಾಷೆ ಇದೆ. ಕಂಪನಿಯೋರು ಕೊಡೋದು ಹಾರ್ಸ್‌ಪವರ್, ಒಂದು ಇಂಜಿನ್‌ಗೆ 2475, ಅಂದ್ರೆ ಹತ್ತಿರ ಹತ್ತಿರ 1850 ಕಿಲೋವ್ಯಾಟ್. ಕಾಕ್‌ಪಿಟ್ಟಲ್ಲಿ ಪೈಲಟ್ ನೋಡೋದು ಟಾರ್ಕ್, ಅಂದ್ರೆ ತಿರುಗ್ಸೋ ಬಲದ ಪರ್ಸೆಂಟು, ಇಷ್ಟು ನ್ಯೂಟನ್ ತಳ್ತಾ ಇದೆ ಅಂತ ತೋರ್ಸೋ ಮೀಟರ್ ಅಲ್ಲಿಲ್ಲ. ಹಾಗಾಗಿ ಥ್ರಸ್ಟ್, ಅಂದ್ರೆ ಮುಂದಕ್ಕೆ ತಳ್ಳೋ ಬಲ, ನಾವೇ ತೆಗೀಬೇಕು. ಪವರ್ ಅನ್ನೋದು ಬಲ ಗುಣಿಸು ವೇಗ ಅಲ್ವಾ, ಅದಕ್ಕೆ ಪವರನ್ನ ವೇಗದಿಂದ ಭಾಗಿಸಿದ್ರೆ ಬಲ ಬಂತು, ಪ್ರೊಪೆಲ್ಲರಲ್ಲಿ ಪೋಲಾಗೋ ಐದನೇ ಒಂದು ಪಾಲು ಕಳೀರಿ, ಸೆಕೆಂಡಿಗೆ 55 ಮೀಟರ್ ವೇಗದಲ್ಲಿ ಎರಡೂ ಸೇರಿ 54 ಕಿಲೋನ್ಯೂಟನ್ ಸುಮಾರಿಗೆ. ಆದ್ರೆ ಇದೇ ಸೂತ್ರನ ವಿಮಾನ ನಿಂತಿರೋವಾಗ ಹಾಕಿದ್ರೆ ಸೊನ್ನೆಯಿಂದ ಭಾಗಿಸ್ದಂಗೆ ಆಯ್ತು, ಉತ್ತರ ಅನಂತ! ಇಲ್ಲಿ ಎಷ್ಟೋ ಜನ ಎಡವ್ತಾರೆ. ನಿಂತಾಗ ಪ್ರೊಪೆಲ್ಲರ್ ವ್ಯಾಸ, ಗಾಳಿಯ ಸಾಂದ್ರತೆ ಎಲ್ಲಾ ಸೇರ್ಸಿ ಬೇರೆ ಲೆಕ್ಕ ಮಾಡ್ಬೇಕು, ಹಂಗೆ ಮಾಡಿದ್ರೆ ಎರಡಕ್ಕೂ ಸೇರಿ 70 ಕಿಲೋನ್ಯೂಟನ್ ಆಸುಪಾಸು ಬರತ್ತೆ. ಅಂದ್ರೆ 70 ಇಂದ ಶುರುವಾಗಿ ವೇಗ ಏರ್ತಾ ಏರ್ತಾ 54ಕ್ಕೆ ಇಳಿಯತ್ತೆ.

ಘರ್ಷಣೆನೂ ಇಳಿಯತ್ತೆ, ಅದು ನನಗೆ ತುಂಬಾ ಇಷ್ಟವಾದ ಭಾಗ. ರೆಕ್ಕೆ ಮೇಲಕ್ಕೆ ಎತ್ತೋಕೆ ಶುರು ಮಾಡ್ದಷ್ಟೂ ಚಕ್ರದ ಮೇಲಿನ ಭಾರ ಕಮ್ಮಿ, ಭಾರದಲ್ಲಿ ಲಿಫ್ಟ್, ಅಂದ್ರೆ ರೆಕ್ಕೆ ಎತ್ತೋ ಬಲ, ಕಳೆದು ಉಳಿದಿದ್ದಕ್ಕೆ ಮಾತ್ರ ಶೇಕಡ 2 ಹಾಕ್ಬೇಕು, ನೆಲ ಬಿಡೋ ಹೊತ್ತಿಗೆ ಅದು ಸೊನ್ನೆ. ಬೇಲಿ ಹತ್ರ ನಿಂತು ಗಮನಿಸಿ, ಮೂಗು ಎದ್ದ ಮೇಲೆ ಹೊಟ್ಟೆ ಕೆಳಗಿನ ಚಕ್ರದ ಕಾಲು ಉದ್ದ ಆಗತ್ತೆ, ಚಕ್ರ ಇನ್ನೂ ನೆಲ ಮುಟ್ಟೇ ಇರತ್ತೆ, ಭಾರ ಮಾತ್ರ ರೆಕ್ಕೆಗೆ ಹೋಗಿರತ್ತೆ. ಘರ್ಷಣೆ ಜಾಗಕ್ಕೆ ಗಾಳಿಯ ತಡೆ ಬರತ್ತೆ, ಕೊನೇಲಿ ಆರು ಕಿಲೋನ್ಯೂಟನ್ ಅಂದ್ಕೊಳಿ. ಒಟ್ಟಾರೆ ನೋಡಿದ್ರೆ ಇಂಜಿನ್ ತಳ್ಳೋದ್ರಲ್ಲಿ ಬಹುಪಾಲು ಆ 23 ಟನ್‌ಗೆ ವೇಗ ಕೊಡೋಕೇ ಹೋಗತ್ತೆ. ಸರಾಸರಿ ವೇಗೋತ್ಕರ್ಷ 2.3, ಅಂದ್ರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 2.3 ಮೀಟರ್ ಏರತ್ತೆ ಅಂತಿಟ್ರೆ, ಸೆಕೆಂಡಿಗೆ 57 ಮೀಟರ್ ವೇಗ ಮುಟ್ಟೋಕೆ 25 ಸೆಕೆಂಡು, 700 ಮೀಟರು.

ಇದನ್ನ ನೀವೇ ಪರೀಕ್ಷೆ ಮಾಡ್ಬಹುದು. ಫೋನ್ ಫ್ಲೈಟ್ ಮೋಡಲ್ಲಿದ್ರೂ ಅದರೊಳಗಿನ ವೇಗೋತ್ಕರ್ಷ ಸೆನ್ಸರ್ ಕೆಲಸ ಮಾಡತ್ತೆ, ಆ್ಯಪ್ ಹಾಕ್ಕೊಂಡು ಫೋನನ್ನ ಅಲ್ಲಾಡದಂಗೆ ಹಿಡ್ಕೊಳಿ, ಬಂದ ಸಂಖ್ಯೆನ ವಿಮಾನದ ದ್ರವ್ಯರಾಶಿಗೆ ಗುಣಿಸಿ, ಮೇಲೆ ಘರ್ಷಣೆ ಗಾಳಿತಡೆ ಎರಡೂ ಕೂಡಿ, ಥ್ರಸ್ಟ್ ಸಿಕ್ತು. ಮೂಗು ಎದ್ದ ಮೇಲಿನ ರೀಡಿಂಗ್ ಮಾತ್ರ ಬಿಟ್ಬಿಡಿ, ಫೋನು 10 ಡಿಗ್ರಿ ವಾಲಿದ್ರೆ ಗುರುತ್ವಾಕರ್ಷಣೆನೇ 1.7 ಸೇರ್ಸಿ ತೋರ್ಸತ್ತೆ.

ಹಂಗಾದ್ರೆ 700 ಮೀಟರ್‌ಗೆ ಎದ್ದೋಗೋ ವಿಮಾನಕ್ಕೆ ಮಂಡಕಳ್ಳೀಲಿ 1740 ಮೀಟರ್ ರನ್‌ವೇ ಯಾಕೆ ಅಂತ ಕೇಳ್ತೀರಾ? ಅರ್ಧ ದಾರೀಲಿ ಒಂದು ಇಂಜಿನ್ ಕೈಕೊಟ್ರೆ ನಿಲ್ಸೋಕೂ ಜಾಗ ಬೇಕು, ಒಂದ್ರಲ್ಲೇ ಏರೋಕೂ ಜಾಗ ಬೇಕು, ಅದೆಲ್ಲಾ ಸೇರ್ಸಿ ಸಮುದ್ರ ಮಟ್ಟದಲ್ಲೇ 1300 ಚಿಲ್ಲರೆ ಮೀಟರ್ ಕೇಳ್ತಾರೆ. ನಾವಿರೋದು 700 ಮೀಟರ್‌ಗೂ ಎತ್ತರದಲ್ಲಿ, ಏಪ್ರಿಲ್ ಬಿಸಿಲಲ್ಲಿ ಗಾಳಿ ಸಾಂದ್ರತೆ ಘನ ಮೀಟರಿಗೆ 1.225 ಕಿಲೋ ಬದ್ಲು 1.05ಕ್ಕೆ ಇಳಿದಿರತ್ತೆ, ಪ್ರೊಪೆಲ್ಲರ್‌ಗೂ ರೆಕ್ಕೆಗೂ ಎರಡಕ್ಕೂ ನಷ್ಟ. ಏರ್‌ಬಸ್ 320 ಅನ್ನೋ ದೊಡ್ಡ ಜೆಟ್‌ಗೆ ಎರಡು ಇಂಜಿನ್ ಸೇರಿ 240 ಕಿಲೋನ್ಯೂಟನ್ ಇದೆ, ಆದ್ರೆ ತೂಕ 78 ಟನ್, ಏಳ್ಬೇಕಾದ ವೇಗನೂ ಜಾಸ್ತಿ, ಫುಲ್ ಲೋಡಲ್ಲಿ ಅದು 2100 ಮೀಟರ್ ಕೇಳತ್ತೆ. ನಮ್ಮ ರನ್‌ವೇನ 2750ಕ್ಕೆ ಉದ್ದ ಮಾಡ್ಬೇಕು ಅನ್ನೋ ಮಾತು ಬಂದಿರೋದು ಅದಕ್ಕೇನೆ. ನಮಸ್ಕಾರ.